ಮನೆಯಲ್ಲಿ ಉಮೆಶು: ಹೋದ ವರ್ಷ ಬೂಷ್ಟು ಹಿಡಿಯಿತು, ಈ ಬಾರಿ ಹೇಗೆ ಮಾಡಲಿ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ನಾವು ಜಪಾನಿನ ಯೊಕೊಹಾಮಾದಲ್ಲಿದ್ದೇವೆ. ಜೂನ್ ಬಂತೆಂದರೆ ಇಲ್ಲಿನ ಅಂಗಡಿಗಳಲ್ಲಿ ಹಸಿರು ಉಮೆ ಕಾಯಿ (ಹುಳಿಯಾದ ಒಂದು ಜಪಾನಿ ಹಣ್ಣು, ಪ್ಲಮ್ ಜಾತಿಯದು) ರಾಶಿ ಬೀಳುತ್ತದೆ. ಅದನ್ನು ಸಕ್ಕರೆಯೊಂದಿಗೆ ಮದ್ಯದಲ್ಲಿ ನೆನೆಹಾಕಿ ಮಾಡುವ ಪಾನೀಯವೇ ಉಮೆಶು. ಹೋದ ವರ್ಷ ಒಂದು ಕಿಲೋ ತಂದು ತೊಳೆದು, ಮಾಮೂಲಿ ಸಕ್ಕರೆಯೊಂದಿಗೆ ಶೇಕಡಾ 20 ಆಲ್ಕೋಹಾಲಿರುವ ಶೋಚುವಿನಲ್ಲಿ (ಜಪಾನಿನ ಭಟ್ಟಿ ಇಳಿಸಿದ ಮದ್ಯ) ನೆನೆಹಾಕಿದ್ದೆ. ಮೂರು ವಾರ ಕಳೆಯುವಷ್ಟರಲ್ಲಿ ತೇಲುತ್ತಿದ್ದ ಕಾಯಿಗಳ ತೊಟ್ಟಿನ ಸುತ್ತ ಬಿಳಿ ಬೂಷ್ಟು ಕಂಡಿತು, ಅಷ್ಟನ್ನೂ ಚೆಲ್ಲಬೇಕಾಯಿತು. ತಪ್ಪಿದ್ದು ಎಲ್ಲಿ? ಇದೇ ರೀತಿ ದ್ರಾಕ್ಷಿಯನ್ನೂ ನೆನೆಹಾಕಬಹುದೇ?

ಉತ್ತರ 1
ತಪ್ಪು ಎರಡು ಕಡೆ ಆಗಿದೆ ಎನಿಸುತ್ತದೆ. ಮೊದಲನೆಯದು ನೀರಿನ ಪಸೆ. ಮಲೆನಾಡಿನಲ್ಲಿ ಮಾವಿನಮಿಡಿ ಹಾಕುವಾಗ ಭರಣಿಯನ್ನು ಬಿಸಿಲಿಗಿಟ್ಟು, ಮಿಡಿಯನ್ನು ಬಟ್ಟೆಯಲ್ಲಿ ಒರೆಸಿ ಎಷ್ಟು ಎಚ್ಚರ ವಹಿಸುತ್ತಾರೋ ಇಲ್ಲಿಯೂ ಅಷ್ಟೇ ಎಚ್ಚರ ಬೇಕು. ತೊಟ್ಟಿದ್ದ ಜಾಗದಲ್ಲಿ ಒಂದು ಸಣ್ಣ ಕಪ್ಪು ಬೊಟ್ಟು ಅಂಟಿಕೊಂಡಿರುತ್ತದೆ. ಅದನ್ನು ಬಿದಿರುಕಡ್ಡಿಯ ತುದಿಯಿಂದ ಎಬ್ಬಿ ತೆಗೆದು, ಆ ಗುಳಿಯೊಳಗಿನ ನೀರನ್ನೂ ಒರೆಸಬೇಕು. ಎರಡನೆಯದು ಮದ್ಯದ ಕಡುಪು. ಕಾಯಿ ತನ್ನ ರಸವನ್ನು ಬಿಟ್ಟಂತೆಲ್ಲ ಮದ್ಯ ತೆಳುವಾಗುವುದರಿಂದ, ಶೇಕಡಾ 20ರಿಂದ ಆರಂಭಿಸಿದರೆ ಬೂಷ್ಟನ್ನು ತಡೆಯುವ ಶಕ್ತಿ ಉಳಿಯುವುದಿಲ್ಲ. ಹಣ್ಣು ನೆನೆಹಾಕಲೆಂದೇ ಮಾರುವ ಶೇಕಡಾ 35ರ ಬಣ್ಣವಿಲ್ಲದ ಶೋಚುವನ್ನೇ ಕೊಳ್ಳಿ. ಒಂದು ಕಿಲೋ ಕಾಯಿಗೆ 1.8 ಲೀಟರ್ ಸರಿಹೋಗುತ್ತದೆ.

ಉತ್ತರ 2
ಸಕ್ಕರೆಯ ಬಗ್ಗೆಯೂ ಒಂದು ಮಾತು. ಕಲ್ಲುಸಕ್ಕರೆಯನ್ನೇ ಬಳಸಿ, ಕಿಲೋಗೆ 500ರಿಂದ 800 ಗ್ರಾಂ ಸಾಕು. ಅದು ನಿಧಾನವಾಗಿ ಕರಗುವುದರಿಂದ ಮೊದಲು ಮದ್ಯ ಕಾಯಿಯೊಳಗೆ ಇಳಿಯುತ್ತದೆ, ಆಮೇಲೆ ಹೊರಗಿನ ಸಿಹಿ ಏರಿದಂತೆ ಪರಿಮಳ ತುಂಬಿದ ರಸ ಹೊರಬರುತ್ತದೆ. ಪುಡಿ ಸಕ್ಕರೆ ಒಮ್ಮೆಲೇ ಕರಗಿ ಕಾಯಿಯನ್ನು ಬೇಗ ಮುದುಡಿಸಿಬಿಡುತ್ತದೆ. ಜಾಡಿಯನ್ನು ತಂಪಾದ ಕತ್ತಲಲ್ಲಿಟ್ಟು ಆಗಾಗ ಮೆಲ್ಲಗೆ ಅಲುಗಾಡಿಸಿ. ಮೂರು ತಿಂಗಳಿಗೆ ಕುಡಿಯಬಹುದಾದರೂ, ವರ್ಷ ಕಾದವರಿಗೆ ಸಿಗುವ ಹೊಂಬಣ್ಣವೂ ರುಚಿಯೂ ಬೇರೆಯೇ.

ಉತ್ತರ 3
ದ್ರಾಕ್ಷಿ ಬೇಡ. ಜಪಾನಿನಲ್ಲಿ ಮನೆಯಲ್ಲಿ ಉಮೆಶು ಮಾಡುವುದಕ್ಕೆ ಕಾನೂನಿನ ಅನುಮತಿ ಸಿಕ್ಕಿದ್ದೇ 1962ರಲ್ಲಿ, ಅದಕ್ಕೂ ಷರತ್ತುಗಳಿವೆ. ಮದ್ಯದಲ್ಲಿ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಆಲ್ಕೋಹಾಲ್ ಇರಬೇಕು, ದ್ರಾಕ್ಷಿಯನ್ನಾಗಲಿ ಅಕ್ಕಿ, ಬಾರ್ಲಿಯಂತಹ ಧಾನ್ಯಗಳನ್ನಾಗಲಿ ಸೇರಿಸುವಂತಿಲ್ಲ, ಮಾಡಿದ್ದನ್ನು ಮಾರುವಂತೆಯೂ ಇಲ್ಲ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಕಾಯಿಗಳನ್ನು ಯಾವಾಗ ತೆಗೆಯಬೇಕು?

ಉತ್ತರ 2
ವರ್ಷ ತುಂಬಿದ ಮೇಲೆ ತೆಗೆಯಿರಿ, ಬಹಳ ಕಾಲ ಬಿಟ್ಟರೆ ಬೀಜದ ಕಹಿ ಇಳಿಯುತ್ತದೆ. ತೆಗೆದ ಕಾಯಿಯ ತಿರುಳನ್ನು ಸಕ್ಕರೆಯೊಂದಿಗೆ ಬೇಯಿಸಿದರೆ ಒಳ್ಳೆಯ ಜಾಮ್ ಆಗುತ್ತದೆ.