ಅನಿಮೆ ಬಿಟ್ಟು ಜಪಾನಿ ಸಿನಿಮಾ, ಡ್ರಾಮಾ: ಎಲ್ಲಿಂದ ಶುರು ಮಾಡೋದು?

ಚೌಕಾಬಾರ:
ಸಮುರಾಯ್, ಹಾರರ್, ಮನೆಮಂದಿ ಕಥೆ, ಟಿವಿ ಡ್ರಾಮಾ ಎಲ್ಲದರಲ್ಲೂ ಒಂದೊಂದು ನೋಡಬೇಕು. 'ಸೆವೆನ್ ಸಮುರಾಯ್' ಮೂರೂವರೆ ಗಂಟೆ ಇದೆ, ಅದರಿಂದಲೇ ಶುರು ಮಾಡಬೇಕಾ? ಡ್ರಾಮಾಗಳು 10 ಕಂತಿಗೇ ಮುಗಿಯೋದು ಯಾಕೆ? ಇನ್ನೊಂದು, ಸಬ್‌ಟೈಟಲ್ ಮೊದಲು ಸರಿ ಇದ್ದು ಹೋಗ್ತಾ ಹೋಗ್ತಾ ಮಾತಿಗಿಂತ ಮುಂದೆ ಓಡುತ್ತೆ. ಸರಿ ಮಾಡೋದು ಹೇಗೆ?

ಹಿತ್ತಿಲಬಾಗಿಲು:
ಮೊದಲಿಗೆ ಕೊಬಯಾಶಿಯ 'ಹರಾಕಿರಿ' (1962) ನೋಡಿ, 133 ನಿಮಿಷ. ಕತ್ತಿಕಾಳಗ ಕಡಿಮೆ, ಅಂಗಳದಲ್ಲಿ ಕೂತು ಮಾತಾಡೋದೇ ಜಾಸ್ತಿ. ಆ ಮಾತಲ್ಲೇ ಸಮುರಾಯ್ ಮರ್ಯಾದೆಯ ಬಣ್ಣ ಬಯಲಾಗುತ್ತೆ.

ಅಕಿರಾ ಕುರೊಸಾವಾ ಅವರ 'ಸೆವೆನ್ ಸಮುರಾಯ್' (1954) 207 ನಿಮಿಷ ನಿಜ, ಆದರೆ ನಡುವೆ ಇಂಟರ್ವಲ್ ಇಟ್ಟಿದ್ದಾರೆ. ಅಲ್ಲಿಗೆ ನಿಲ್ಲಿಸಿ ಉಳಿದದ್ದು ಮರುದಿನ ನೋಡಿದರೆ ಏನೂ ಕೆಡಲ್ಲ. ಸಮುರಾಯ್‌ಗಳ ನಾಯಕ ಕಂಬೇಯಿ ಕಾಗದದ ಮೇಲೆ ಡಕಾಯಿತರಿಗೆ ಒಂದೊಂದು ಸೊನ್ನೆ ಬರೆದು, ಸತ್ತವರಿಗೆ ಗೀಟು ಹಾಕ್ತಾ ಹೋಗ್ತಾನೆ. ಆ ಕಾಗದದ ಮೇಲೆ ಕಣ್ಣಿಟ್ಟರೆ ಕೊನೆಯ ಮಳೆಕಾಳಗದಲ್ಲಿ ಲೆಕ್ಕ ತಪ್ಪಲ್ಲ. ಅಂದಹಾಗೆ, ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ನೋಡಿದವರಿಗೆ ಕುರೊಸಾವಾ ಛಾಯೆ ತಕ್ಷಣ ಗುರುತು ಸಿಗುತ್ತೆ.

ಓಜು ಅವರ 'ಟೋಕಿಯೋ ಸ್ಟೋರಿ' (1953) ನೋಡುವಾಗ ಜನ ಎಡವೋದು ಒಂದೇ ಕಡೆ, 'ಏನಾದ್ರೂ ಆಗುತ್ತೆ' ಅಂತ ಕಾಯ್ತಾರೆ. ಆಗೋದು ಸಣ್ಣದೇ. ಮಕ್ಕಳು ಅಪ್ಪ-ಅಮ್ಮನನ್ನ ಅತಾಮಿಯ ಬಿಸಿನೀರ ಬುಗ್ಗೆಯ ಊರಿಗೆ ಸಾಗಹಾಕ್ತಾರೆ, ರಾತ್ರಿಯೆಲ್ಲಾ ಗಲಾಟೆಗೆ ನಿದ್ದೆ ಇಲ್ಲ, ಬೆಳಿಗ್ಗೆ ಸಮುದ್ರದ ಕಟ್ಟೆಯಿಂದ ಏಳುವಾಗ ಅಮ್ಮನಿಗೆ ತಲೆ ಸುತ್ತುತ್ತೆ. ಅಷ್ಟೇ. ಕ್ಯಾಮೆರಾ ಚಾಪೆ ಮೇಲೆ ಕೂತವರ ಎತ್ತರದಿಂದ ಏಳೋದೇ ಅಪರೂಪ.

ಹಾರರ್‌ಗೆ 'ರಿಂಗು' (1998), 95 ನಿಮಿಷ. ಆಮೇಲೆ 'ಕ್ಯೂರ್' (1997). ಇದರ ನಿರ್ದೇಶಕ ಕಿಯೋಶಿ ಕುರೊಸಾವಾಗೂ ಅಕಿರಾಗೂ ನಂಟಿಲ್ಲ, ಹೆಸರಷ್ಟೇ ಒಂದು. ಫೋನಲ್ಲಿ ಬೇಡ, ದೂರದ ಶಾಟ್, ಮಂದ ಬೆಳಕು, ಮೂಲೆಯಲ್ಲಿರೋದು ಕಾಣೋದೇ ಇಲ್ಲ.

ರಾತ್ರಿಪಾಳಿ:
ಡ್ರಾಮಾ ಕೂರೋದು ಮೂರು ತಿಂಗಳ ಸ್ಲಾಟಲ್ಲಿ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗೆ ಹೊಸದು ಶುರು, ವಾರಕ್ಕೊಂದು ಕಂತು, ಹಾಗಾಗಿ 10-11ಕ್ಕೆ ಮುಗಿಯುತ್ತೆ. ನಮ್ಮ ಧಾರಾವಾಹಿ ಥರ ಎಳೆಯೋಕೆ ಜಾಗವೇ ಇಲ್ಲ. ಜಪಾನಿನ ಸಾರ್ವಜನಿಕ ಚಾನೆಲ್ ಎನ್‌ಎಚ್‌ಕೆಯದು ಬೇರೆ ಲೆಕ್ಕ: ಬೆಳಗಿನ ಧಾರಾವಾಹಿ ದಿನಕ್ಕೆ 15 ನಿಮಿಷ ('ಓಶಿನ್', 1983-84, 297 ಕಂತು), ಭಾನುವಾರ ರಾತ್ರಿಯ ಐತಿಹಾಸಿಕ 'ತೈಗಾ' ಹೆಚ್ಚುಕಮ್ಮಿ ಇಡೀ ವರ್ಷ.

ಮೊದಲ ಸಲಕ್ಕೆ ತೈಗಾ ಬೇಡ, ಹೆಸರುಗಳಲ್ಲೇ ಕಳೆದುಹೋಗ್ತೀರ. 'ಮಿಡ್‌ನೈಟ್ ಡೈನರ್' (2009) ನೋಡಿ. ಕಂತಿಗೆ ಅರ್ಧ ಗಂಟೆಯೂ ಇಲ್ಲ, ಪ್ರತಿ ಕಂತಿಗೂ ಒಂದು ತಿನಿಸು, ಒಬ್ಬ ಗಿರಾಕಿ. ಜಿದ್ದಾಜಿದ್ದಿ ಬೇಕಿದ್ದರೆ ಬ್ಯಾಂಕ್ ನೌಕರನ ಕಥೆ 'ಹನ್ಜಾವಾ ನಾಓಕಿ' (2013), 10 ಕಂತು.

ಸೊನ್ನೆಒಂದು:
ಸಬ್‌ಟೈಟಲ್ ವಿಷಯ. ಶುರುವಿಂದಲೂ ಒಂದೇ ಅಂತರ ಇದ್ದರೆ ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ 'ಎಚ್' ಒತ್ತಿ, ಒಂದೊಂದು ಒತ್ತಿಗೆ 50 ಮಿಲಿಸೆಕೆಂಡ್ ತಡವಾಗುತ್ತೆ. 'ಜಿ' ಒತ್ತಿದರೆ ಉಲ್ಟಾ. ನಿಮ್ಮದು ಅದಲ್ಲ. ಹೋಗ್ತಾ ಹೋಗ್ತಾ ಮುಂದೆ ಓಡುತ್ತೆ ಅಂದರೆ ಬಹುಶಃ ಸಬ್‌ಟೈಟಲ್ ಫೈಲ್ ಸೆಕೆಂಡಿಗೆ 25 ಫ್ರೇಮಿನ ವಿಡಿಯೋಗೆ ಮಾಡಿದ್ದು, ನಿಮ್ಮ ವಿಡಿಯೋ 23.976 ಫ್ರೇಮಿನದು. ಗಂಟೆ ಕಳೆಯೋ ಹೊತ್ತಿಗೆ ಸುಮಾರು ಎರಡೂವರೆ ನಿಮಿಷ ಮುಂದಿರುತ್ತೆ. 'ಸಬ್‌ಟೈಟಲ್ ಎಡಿಟ್' ಅನ್ನೋ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ರೇಟನ್ನ 25ರಿಂದ 23.976ಕ್ಕೆ ಬದಲಿಸಿ ಸೇವ್ ಮಾಡಿ. ಜಾಹೀರಾತು ಬಂದ ಜಾಗದಲ್ಲಿ ಮಾತ್ರ ಧಡಕ್ಕನೆ ತಪ್ಪಿದರೆ ಫ್ರೇಮ್ ರೇಟ್ ಮುಟ್ಟಬೇಡಿ, ಆ ಸಾಲಿಂದ ಕೆಳಗಿನದನ್ನಷ್ಟೇ ಜರುಗಿಸಿ.

ಕಿವಿಯನ್ನೂ ತೆರೆದಿಡಿ. ಹೆಸರಿನ ಕೊನೆಗೆ ಸೇರಿಸೋ 'ಸಾನ್', 'ಸಾಮಾ', 'ಕುನ್' ಥರದ ಗೌರವ-ಸಲಿಗೆಯ ಪದಗಳನ್ನ ಇಂಗ್ಲಿಷ್ ಸಬ್‌ಟೈಟಲ್ ಹೆಚ್ಚಾಗಿ ನುಂಗಿಬಿಡುತ್ತೆ. 'ನೀವು' ಅಂತಿದ್ದವರು 'ನೀನು'ಗೆ ಇಳಿದಾಗ ನಮಗೆ ಹೇಗೆ ಚುರುಕ್ಕನ್ನುತ್ತೋ, 'ಸಾನ್' ಬಿಟ್ಟುಹೋದಾಗ ಅಲ್ಲೂ ಹಾಗೇ.