ಹಿತ್ತಲಿನ ಹಕ್ಕಿಗಳಿಗೆ ಗೂಡುಪೆಟ್ಟಿಗೆ: ಯಾವುದನ್ನು ಆರಿಸಬೇಕು, ಎಲ್ಲಿ ಕೂರಿಸಬೇಕು?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು ನಲವತ್ತು–ಅರವತ್ತರ ನಿವೇಶನ. ಮನೆಯ ಹಿಂದೆ ಒಂದು ಮಾವಿನ ಮರ, ಒಂದು ಹಳೆಯ ನುಗ್ಗೆ, ಕರಿಬೇವು, ದಾಸವಾಳ ಇಷ್ಟಿರುವ ಪುಟ್ಟ ಹಿತ್ತಲಿದೆ. ಎರಡು ವರ್ಷಗಳ ಹಿಂದೆ ಹಕ್ಕಿಗಳಿಗೆಂದು ಎರಡು ಗೂಡುಗಳನ್ನು ತಂದೆ. ಒಂದು ಮಣ್ಣಿನ ಗಡಿಗೆ, ಇನ್ನೊಂದು ತಗಡಿನ ಮಾಡು ಹೊದಿಸಿದ ಪ್ಲೈವುಡ್ ಪೆಟ್ಟಿಗೆ. ಪೆಟ್ಟಿಗೆಯ ಬಾಯಿ ನಾಲ್ಕು ಬೆರಳು ತೂರುವಷ್ಟು ದೊಡ್ಡದಿತ್ತು, ಅದರ ಕೆಳಗೆ ಹಕ್ಕಿ ಕೂರಲೆಂದು ಒಂದು ಕಡ್ಡಿಯೂ ಇತ್ತು. ಕುಳಿತಲ್ಲಿಂದಲೇ ನೋಡಬಹುದೆಂಬ ಆಸೆಯಿಂದ ಎರಡನ್ನೂ ಪಡುವಣ ಬಾಲ್ಕನಿಯ ಕಂಬಿಗೆ ನೈಲಾನ್ ಹಗ್ಗದಲ್ಲಿ ನೇತುಹಾಕಿದೆ.

ಮೊದಲ ವರ್ಷ ಯಾವ ಹಕ್ಕಿಯೂ ಬರಲಿಲ್ಲ. ಕಳೆದ ಮಾರ್ಚಿನಲ್ಲಿ ಪ್ಲೈವುಡ್ ಪೆಟ್ಟಿಗೆಗೆ ಗೊರವಂಕದ ಜೋಡಿಯೊಂದು ಬಂದು ಹುಲ್ಲು, ಬೇರು, ಪ್ಲಾಸ್ಟಿಕ್ ಚೂರು ಎಲ್ಲವನ್ನೂ ತುಂಬಿತು. ಮರಿಗಳ ದನಿಯೂ ಕೇಳಿಸಿತು. ಏಪ್ರಿಲ್ ಕೊನೆಯ ವಾರದ ಒಂದು ಮಧ್ಯಾಹ್ನ ಆ ದನಿ ನಿಂತಿತು. ಮಾರನೆಯ ದಿನ ತೆರೆದು ನೋಡಿದರೆ ಮೂರು ಮರಿಗಳೂ ಸತ್ತಿದ್ದವು. ಆ ಹೊತ್ತಿನಲ್ಲಿ ತಗಡನ್ನು ಮುಟ್ಟಿದಾಗ ಕೈ ಚುರುಕ್ಕೆಂದಿತು. ನನ್ನ ಕೈಯಾರೆ ಹೀಗಾಯಿತೆಂಬ ಸಂಕಟ ಇನ್ನೂ ಹೋಗಿಲ್ಲ. ಆ ಪೆಟ್ಟಿಗೆಯನ್ನು ಅಂದೇ ಇಳಿಸಿದೆ.

ಈ ಬಾರಿ ತಿಳಿದುಕೊಂಡು ಮಾಡಬೇಕೆಂದಿದ್ದೇನೆ. ಯಾವ ಹಕ್ಕಿಗಳು ನಿಜಕ್ಕೂ ಪೆಟ್ಟಿಗೆಯಲ್ಲಿ ಗೂಡು ಮಾಡುತ್ತವೆ? ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿ ಇಡಬೇಕು? ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಬೆಕ್ಕು ದಿನವೂ ಓಡಾಡುತ್ತದೆ, ಅದಕ್ಕೇನು ಮಾಡಬೇಕು? ಬೀದಿಯ ಕೊನೆಯ ದಿನಸಿ ಅಂಗಡಿಯ ಬಳಿ ನಾಲ್ಕಾರು ಗುಬ್ಬಚ್ಚಿಗಳಿವೆ, ಅವು ಇಲ್ಲಿಗೆ ಬಂದಾವೆ?

ಉತ್ತರ 1 (ತೀರ್ಥಹಳ್ಳಿಯಿಂದ)

ನಿಮ್ಮ ಬರಹವನ್ನು ಓದಿ ಮನಸ್ಸು ಭಾರವಾಯಿತು. ಪಡುವಣ ಬಿಸಿಲು ಮತ್ತು ತಗಡು ಸೇರಿದರೆ ಏಪ್ರಿಲಿನಲ್ಲಿ ಪೆಟ್ಟಿಗೆ ಒಲೆಯಂತಾಗುತ್ತದೆ. ರೆಕ್ಕೆ ಬಲಿಯದ ಮರಿಗೆ ಅಲ್ಲಿಂದ ಹೊರಬರುವ ದಾರಿಯೇ ಇರುವುದಿಲ್ಲ. ಇಂತಹ ಪೆಟ್ಟಿಗೆಗಳನ್ನು ಅಂದಕ್ಕೆಂದು ಮಾಡಿ ಮಾರುತ್ತಾರೆ, ಕೊಳ್ಳುವವರಿಗೆ ಯಾರೂ ಎಚ್ಚರಿಕೆ ಹೇಳುವುದಿಲ್ಲ.

ಪೆಟ್ಟಿಗೆಯನ್ನು ಆರಿಸುವ ಮೊದಲು ಒಂದು ವಾರ ಬೆಳಗ್ಗೆ ಹಿತ್ತಲಿನಲ್ಲಿ ಕುಳಿತು, ಬಂದುಹೋಗುವ ಹಕ್ಕಿಗಳು ಯಾವುವೆಂದು ಬರೆದಿಟ್ಟುಕೊಳ್ಳಿ. ಪೊಟರೆಯಲ್ಲಿ ಮೊಟ್ಟೆಯಿಡುವ ಜಾತಿಯ ಹಕ್ಕಿಗಳಿಗೆ ಮಾತ್ರ ಪೆಟ್ಟಿಗೆ ಬೇಕು. ಪಿಕಳಾರ ಪೊದೆಯ ಕವಲಿನಲ್ಲಿ ಬಟ್ಟಲಿನಂತಹ ಗೂಡು ಕಟ್ಟುತ್ತದೆ, ಸೂರಕ್ಕಿ ತಂತಿಗೋ ಬಳ್ಳಿಯ ತುದಿಗೋ ಚೀಲವನ್ನು ಜೋತುಬಿಡುತ್ತದೆ, ಟುವ್ವಿ ಹಕ್ಕಿ ಎಲೆಗಳನ್ನು ಹೊಲಿದುಕೊಳ್ಳುತ್ತದೆ. ನೀವು ಎಷ್ಟೇ ಒಳ್ಳೆಯ ಪೆಟ್ಟಿಗೆಯನ್ನು ಇಟ್ಟರೂ ಇವು ಅದರತ್ತ ತಿರುಗಿಯೂ ನೋಡುವುದಿಲ್ಲ. ಇವಕ್ಕಾಗಿ ನೀವು ಮಾಡಬೇಕಾದದ್ದು ದಾಸವಾಳ, ಕರಿಬೇವುಗಳನ್ನು ತೀರಾ ಒಪ್ಪವಾಗಿ ಕತ್ತರಿಸದಿರುವುದು. ಮೈಸೂರಿನ ಹಿತ್ತಲುಗಳಲ್ಲಿ ಪೆಟ್ಟಿಗೆಗೆ ಬರಬಹುದಾದ ಹಕ್ಕಿಗಳೆಂದರೆ ಗುಬ್ಬಚ್ಚಿ, ಮಡಿವಾಳ ಹಕ್ಕಿ, ಗೊರವಂಕ, ಅದೃಷ್ಟವಿದ್ದರೆ ಚೇಕಡಿ ಹಕ್ಕಿ. ದೊಡ್ಡ ಪೆಟ್ಟಿಗೆಯಿದ್ದರೆ ಹಾಲಕ್ಕಿ ಎಂಬ ಪುಟ್ಟ ಗೂಬೆ.

ಇವುಗಳಲ್ಲಿ ನಿಮ್ಮ ಹಿತ್ತಲಿಗೆ ಹೇಳಿ ಮಾಡಿಸಿದಂತಹುದು ಮಡಿವಾಳ. ಫೆಬ್ರವರಿ, ಮಾರ್ಚಿನಲ್ಲಿ ನಸುಕಿಗೇ ಮರದ ತುದಿಯಲ್ಲಿ ಕುಳಿತು ಗಂಡು ಹಾಡತೊಡಗಿದರೆ ಜಾಗ ಹುಡುಕುವ ಕಾಲ ಬಂತೆಂದು ತಿಳಿಯಿರಿ. ನಮ್ಮ ಬಚ್ಚಲುಕೊಟ್ಟಿಗೆಯ ಗೋಡೆಯಲ್ಲಿ ಹಿಂದೆ ದೀಪವಿಡಲು ಬಿಟ್ಟಿದ್ದ ಗೂಡೊಂದಿತ್ತು. ಅದರಲ್ಲಿ ಮಡಿವಾಳದ ಜೋಡಿ ಮೂರು ವರ್ಷ ಮರಿ ಮಾಡಿತು. ಕಾವು ಕೂರುವುದು ಹೆಣ್ಣು ಮಾತ್ರ. ಬೂದು ಬಣ್ಣದ ಆ ಹಕ್ಕಿ ಒಣ ಬೇರು, ಹುಲ್ಲುಗಳ ನಡುವೆ ಬಾಲವನ್ನು ಗೋಡೆಗೆ ಒತ್ತಿ ನೆಟ್ಟಗೆ ಎತ್ತಿಕೊಂಡು ಕುಳಿತಿರುತ್ತಿತ್ತು. ನಾವು ಬಿಸಿನೀರಿಗೆ ಹೋದರೂ ಅಲುಗುತ್ತಿರಲಿಲ್ಲ, ಕಣ್ಣು ಮಾತ್ರ ನಮ್ಮ ಮೇಲಿರುತ್ತಿತ್ತು. ಆ ಗೋಡೆಯನ್ನು ಕೆಡವಿ ಹೊಸದು ಕಟ್ಟಿದ ವರ್ಷ, ಅದೇ ಎತ್ತರದಲ್ಲಿ, ಮುಂಭಾಗದ ಮೇಲಿನ ಅರ್ಧವನ್ನು ತೆರೆದುಬಿಟ್ಟ ಪೆಟ್ಟಿಗೆಯೊಂದನ್ನು ಸೂರಿನಡಿ ಕೂರಿಸಿದೆ. ಎರಡನೆಯ ವರ್ಷ ಅವು ಅದನ್ನು ಒಪ್ಪಿಕೊಂಡವು. ಗೋಡೆಯ ಗೂಡಿಗೆ ಹತ್ತಿರವಾದ ರೂಪವೆಂಬ ಕಾರಣಕ್ಕೆ ಮಡಿವಾಳಕ್ಕೆ ಇದೇ ಮಾದರಿಯನ್ನು ನಾನು ಹೇಳುತ್ತೇನೆ.

ನಿಮ್ಮ ನುಗ್ಗೆಯಲ್ಲಿ ಒಣಗಿದ ಕೊಂಬೆಯಿದ್ದು, ಅದು ಯಾರ ತಲೆಯ ಮೇಲೂ ಬೀಳುವಂತಿಲ್ಲದಿದ್ದರೆ ದಯವಿಟ್ಟು ಕಡಿಯಬೇಡಿ. ಕುಟ್ರು ಹಕ್ಕಿ ಅಂತಹ ಮೆದು ಕೊಂಬೆಯಲ್ಲೇ ತನ್ನ ಪೊಟರೆಯನ್ನು ಕೊರೆದುಕೊಳ್ಳುತ್ತದೆ. ಅದು ಬಿಟ್ಟುಹೋದ ಪೊಟರೆ ಮುಂದೆ ಚೇಕಡಿಗೋ ಮಡಿವಾಳಕ್ಕೋ ದಕ್ಕುತ್ತದೆ. ನಾವು ಪೆಟ್ಟಿಗೆ ಮಾಡಬೇಕಾಗಿ ಬಂದಿರುವುದೇ ಇಂತಹ ಕೊಂಬೆಗಳನ್ನೂ ಗೋಡೆಯ ಸಂದುಗಳನ್ನೂ ನಮ್ಮ ಊರುಗಳಿಂದ ಇಲ್ಲವಾಗಿಸಿದ್ದರಿಂದ.

ಉತ್ತರ 2 (ಧಾರವಾಡದಿಂದ)

ಮರಗೆಲಸ ನನ್ನ ಹವ್ಯಾಸವಾದ್ದರಿಂದ ಪೆಟ್ಟಿಗೆಯ ರಚನೆಯ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ಬಾಯಿಯ ಅಳತೆಯೇ ಎಲ್ಲಕ್ಕಿಂತ ಮುಖ್ಯ. ಗುಬ್ಬಚ್ಚಿಗೆ 32 ಮಿ.ಮೀ. ವ್ಯಾಸದ ತೂತು ಸಾಕು, ಚೇಕಡಿಗೆ 28 ಮಿ.ಮೀ. ನಮ್ಮ ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ. ಇದೆ, ಅದು ತುಸುವೇ ಸಡಿಲವಾಗಿ ತೂರಿದರೆ ಚೇಕಡಿಯ ತೂತು ಸರಿಯಾಗಿದೆಯೆಂದು ಲೆಕ್ಕ. 32 ಮಿ.ಮೀ. ತೂತಿನಲ್ಲಿ ಗೊರವಂಕ ನುಗ್ಗಲಾರದು, ಕಾಗೆಯ ತಲೆಯೂ ತೂರದು. ನಾಲ್ಕು ಬೆರಳು ಹಿಡಿಸುವ ಬಾಯಿಯಿದ್ದರೆ ಗುಬ್ಬಚ್ಚಿಯನ್ನು ಓಡಿಸಿ ಗೊರವಂಕ ನೆಲೆಸುತ್ತದೆ, ನಿಮ್ಮಲ್ಲಿ ಆದದ್ದೂ ಅದೇ ಇರಬಹುದು. ಗೊರವಂಕವೂ ಹಕ್ಕಿಯೇ, ಅದು ಬಂದರೆ ಬೇಸರವೇನಿಲ್ಲ. ಆದರೆ ಜಾಗ ಹುಡುಕಿಕೊಳ್ಳುವುದರಲ್ಲಿ ಅದು ಗಟ್ಟಿ, ನಮ್ಮ ನೆರವಿಲ್ಲದೆಯೂ ಬದುಕಿಕೊಳ್ಳುತ್ತದೆ.

ತೂತಿನ ಕೆಳಗಿನ ಕಡ್ಡಿ ಬೇಡವೇ ಬೇಡ. ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿ ತೂತಿನ ಅಂಚನ್ನೇ ಹಿಡಿದು ಒಳಹೋಗಬಲ್ಲದು. ಆ ಕಡ್ಡಿಯಿಂದ ಅನುಕೂಲವಾಗುವುದು ಮರಿಗಾಗಿ ಕಾದು ಕೂರುವ ಕಾಗೆಗೆ ಮಾತ್ರ.

15 ಸೆಂ.ಮೀ. ಅಗಲ, ಒಂದೂವರೆ ಮೀಟರ್ ಉದ್ದದ ಒಂದೇ ಹಲಗೆಯಲ್ಲಿ ಗುಬ್ಬಚ್ಚಿಯ ಪೆಟ್ಟಿಗೆ ಮುಗಿಯುತ್ತದೆ. ಹಲಗೆ 15 ಮಿ.ಮೀ.ಗಿಂತ ತೆಳ್ಳಗಿರಬಾರದು, ತೆಳ್ಳಗಿದ್ದರೆ ಬಿಸಿಲಿಗೆ ಬೇಗ ಕಾಯುತ್ತದೆ, ಮಳೆಗೆ ಸೊಟ್ಟಗಾಗುತ್ತದೆ. ಸಿಲ್ವರ್ ಓಕ್ ಆಗಲಿ ಹಳೆಯ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಆಗಲಿ ನಡೆಯುತ್ತದೆ. ತೂತು ತಳದಿಂದ ಕನಿಷ್ಠ 12–13 ಸೆಂ.ಮೀ. ಮೇಲಿರಬೇಕು, ತಗ್ಗಿನಲ್ಲಿದ್ದರೆ ಬೆಕ್ಕು ಕೈ ತೂರಿಸಿ ಮರಿಯನ್ನು ಎಳೆಯುತ್ತದೆ, ಮರಿಗಳೂ ಅವಸರಪಟ್ಟು ಹೊರಬೀಳುತ್ತವೆ. ಮುಂದಿನ ಹಲಗೆಯ ಒಳಮೈಗೆ ರಂದ ಹೊಡೆದು ನಯಮಾಡಬೇಡಿ. ನುಣುಪಾಗಿದ್ದರೆ ಉಳಿಯಿಂದ ಅಡ್ಡಡ್ಡ ಗೀರಿ, ಮರಿಗಳು ಉಗುರೂರಿ ಹತ್ತಿಬರಲು ಅದೇ ಏಣಿ. ತಳಕ್ಕೆ ನಾಲ್ಕು ಸಣ್ಣ ತೂತು, ಮಾಡಿನ ಕೆಳಗೆ ಎರಡೂ ಪಕ್ಕಕ್ಕೆ ಗಾಳಿಯಾಡಲು ಎರಡೆರಡು ತೂತು ಇರಲಿ. ಮಾಡು ಮರದ್ದೇ ಆಗಿರಲಿ, ಮುಂದಕ್ಕೆ ಇಳಿಜಾರಾಗಿ 5 ಸೆಂ.ಮೀ. ಚಾಚಿರಲಿ. ಒಳಗೆ ಬಣ್ಣ, ವಾರ್ನಿಷ್ ಯಾವುದೂ ಬೇಡ. ಒಂದು ಪಕ್ಕವನ್ನೋ ಮಾಡನ್ನೋ ತಿರುಪಿನಿಂದ ಬಿಗಿದರೆ ಗೂಡು ಖಾಲಿಯಾದ ಮೇಲೆ ಬಿಚ್ಚಿ ತೊಳೆಯಬಹುದು.

ಮಣ್ಣಿನ ಗಡಿಗೆಯನ್ನು ನಾನು ತಳ್ಳಿಹಾಕುವುದಿಲ್ಲ. ನೆರಳಿನಲ್ಲಿ, ಬಾಯಿಯನ್ನು ಕಿರಿದು ಮಾಡಿ, ಅಲುಗದಂತೆ ಕಟ್ಟಿದರೆ ಗುಬ್ಬಚ್ಚಿ ಅದಕ್ಕೂ ಬರುತ್ತದೆ. ಹಗ್ಗದಲ್ಲಿ ತೂಗಾಡುವ ಗೂಡು ಮಾತ್ರ ಯಾವುದೇ ಆಗಲಿ, ಬೇಡ.

ಉತ್ತರ 3 (ಇಂಗ್ಲೆಂಡಿನ ಲೆಸ್ಟರಿನಿಂದ)

ಮೇಲೆ ಬರೆದಿರುವ 28, 32 ಮಿ.ಮೀ. ಲೆಕ್ಕ ಇಲ್ಲಿಯ ತೋಟಗಳಲ್ಲೂ ಚಾಲ್ತಿಯಲ್ಲಿರುವುದೇ. ಇಲ್ಲಿ ಪೆಟ್ಟಿಗೆಯ ಬಾಯಿಯನ್ನು ಉತ್ತರ ಮತ್ತು ಪೂರ್ವದ ನಡುವೆ ತಿರುಗಿಸಲು ಹೇಳುತ್ತಾರೆ, ಏಕೆಂದರೆ ಇಲ್ಲಿ ಮಳೆಗಾಳಿ ನೈಋತ್ಯದಿಂದ ಬೀಸುತ್ತದೆ, ಬಿಸಿಲು ದಕ್ಷಿಣದಿಂದ ಹೊಡೆಯುತ್ತದೆ. ಮೈಸೂರಿನಲ್ಲೂ ಮುಂಗಾರು ಬರುವುದು ನೈಋತ್ಯದಿಂದಲೇ, ಸುಡುವುದು ಪಡುವಣ ಬಿಸಿಲು. ಹಾಗಾಗಿ ದಿಕ್ಕಿನ ಸಲಹೆ ಅಲ್ಲಿಗೂ ಹೊಂದುತ್ತದೆ. ಆದರೆ ತಿಂಗಳುಗಳ ಲೆಕ್ಕವನ್ನು ಇಂಗ್ಲಿಷ್ ಬರಹಗಳಿಂದ ತೆಗೆದುಕೊಳ್ಳಬೇಡಿ. ಇಲ್ಲಿ ಶರತ್ಕಾಲದಲ್ಲಿ ಪೆಟ್ಟಿಗೆ ಖಾಲಿಯೆಂದು ನಂಬಿ ತೊಳೆಯಬಹುದು. ದಕ್ಷಿಣ ಭಾರತದ ಗುಬ್ಬಚ್ಚಿ ವರ್ಷದ ಬಹುಪಾಲು ಮರಿ ಮಾಡುತ್ತಲೇ ಇರುತ್ತದೆ. ಅಲ್ಲಿ ಕ್ಯಾಲೆಂಡರ್ ನೋಡದೆ, ಕೆಲವು ದಿನ ಹಕ್ಕಿಗಳ ಓಡಾಟವನ್ನು ನೋಡಿ ಖಾಲಿಯೆಂದು ಖಚಿತವಾದ ಮೇಲಷ್ಟೇ ಕೈಹಾಕಿ. ಕುದಿನೀರಿನಿಂದ ತೊಳೆದರೆ ಸಾಕು, ಕೀಟನಾಶಕ ಬೇಡ.

ಉತ್ತರ 4 (ಬೆಂಗಳೂರಿನಿಂದ)

ಗುಬ್ಬಚ್ಚಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಆರು ವರ್ಷ ಕಾದವನು ನಾನು.

ಭಾರತದ ಪಕ್ಷಿಗಳ ಸ್ಥಿತಿಗತಿಯ ಬಗ್ಗೆ 2020ರಲ್ಲಿ ಬಂದ ವರದಿಯಂತೆ ಒಟ್ಟು ದೇಶದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಇಳಿದಿರುವುದು ದೊಡ್ಡ ನಗರಗಳಲ್ಲಿ. ಅಂದರೆ ಹಕ್ಕಿಗೆ ಬೇಕಾದ ಏನೋ ನಮ್ಮ ನಗರಗಳಲ್ಲಿ ಇಲ್ಲವಾಗಿದೆ. ಹೆಂಚಿನ ಸಂದು, ತೊಲೆಯ ತುದಿ, ಗೋಡೆಗೆ ಓರೆಯಾಗಿ ತೂಗುಹಾಕಿದ ಪಟದ ಹಿಂಬದಿ, ಇವೆಲ್ಲ ಹಿಂದೆ ಅದರ ಮನೆಗಳಾಗಿದ್ದವು. ಆದರೆ ಗೂಡಿನ ಜಾಗವೊಂದರಿಂದಲೇ ಅದು ಬದುಕುವುದಿಲ್ಲ. ದೊಡ್ಡ ಗುಬ್ಬಚ್ಚಿ ಕಾಳು ತಿಂದರೂ ಮರಿಗೆ ಅದು ಉಣಿಸುವುದು ಹುಳುವನ್ನು. ಔಷಧಿ ಹೊಡೆದ, ಸಿಮೆಂಟು ಬಳಿದ ಅಂಗಳದಲ್ಲಿ ಹತ್ತು ಪೆಟ್ಟಿಗೆ ಇಟ್ಟರೂ ಪ್ರಯೋಜನವಿಲ್ಲ. ನನ್ನ ಮನೆಯಲ್ಲಿ ಬದಲಾವಣೆ ತಂದದ್ದು ಪೆಟ್ಟಿಗೆಗಿಂತ ಹೆಚ್ಚಾಗಿ, ಕಾಂಪೌಂಡಿಗೆ ಒತ್ತಿ ಬೆಳೆಯಲು ಬಿಟ್ಟ ಲಂಟಾನ, ಮಲ್ಲಿಗೆಗಳ ಪೊದೆ ಮತ್ತು ಹೊರಳಾಡಲು ಬಿಟ್ಟ ಒಂದು ಹಿಡಿ ಒಣ ಮಣ್ಣು.

ಗುಬ್ಬಚ್ಚಿ ಗುಂಪಿನಲ್ಲಿ ಬಾಳುವ ಹಕ್ಕಿ. ಆದ್ದರಿಂದ ಎರಡು ಮೂರು ಪೆಟ್ಟಿಗೆಗಳನ್ನು ಒಂದೇ ಸೂರಿನಡಿ ಹತ್ತಿರ ಹತ್ತಿರ ಇಡಬಹುದು. ಮಡಿವಾಳಕ್ಕೆ ಹಾಗಲ್ಲ, ತನ್ನ ಸರಹದ್ದಿನಲ್ಲಿ ಅದು ಇನ್ನೊಂದು ಜೋಡಿಯನ್ನು ಸಹಿಸುವುದಿಲ್ಲ. ದಿನಸಿ ಅಂಗಡಿ ನಿಮ್ಮಿಂದ ನೂರು ಇನ್ನೂರು ಅಡಿಯೊಳಗಿದ್ದರೆ ಆಸೆ ಇಟ್ಟುಕೊಳ್ಳಿ. ಅದಕ್ಕಿಂತ ದೂರವಿದ್ದರೆ, ಅಂಗಡಿಯವರ ಒಪ್ಪಿಗೆ ಪಡೆದು ಅವರ ಸೂರಿನಡಿಯೇ ಪೆಟ್ಟಿಗೆ ಹಾಕಿಕೊಡುವುದು ನನ್ನ ದೃಷ್ಟಿಯಲ್ಲಿ ಇನ್ನೂ ಒಳ್ಳೆಯದು. ಗುಬ್ಬಚ್ಚಿಗೆ ಮನೆಯೊಳಗೆ ಬರುವ ಅಭ್ಯಾಸವಾದರೆ ಆ ಕೋಣೆಯ ಫ್ಯಾನನ್ನು ನಿಲ್ಲಿಸಲೇಬೇಕಾಗುತ್ತದೆ, ಇದನ್ನು ಮೊದಲೇ ಯೋಚಿಸಿ.

ಪ್ರಶ್ನೆ ಕೇಳಿದವರು

ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಒಂದು ವಾರ ಕುಳಿತು ನೋಡಿದೆ. ಮಡಿವಾಳದ ಗಂಡು ದಿನವೂ ಬರುತ್ತದೆ, ಹೆಣ್ಣನ್ನು ಎರಡು ಸಲ ಕಂಡೆ. ಹಿಂಬಾಗಿಲ ಸಜ್ಜೆಯ ಅಡಿಯಲ್ಲಿ, ಪೂರ್ವಕ್ಕೆ ಮುಖವಾಗಿ, ಒಂಬತ್ತು ಅಡಿ ಎತ್ತರದಲ್ಲಿ ಜಾಗವಿದೆ. ಬೆಳಗಿನ ಬಿಸಿಲು ಎಂಟೂವರೆಯವರೆಗೆ ಬಿದ್ದು ಆಮೇಲೆ ನೆರಳಾಗುತ್ತದೆ. ಆದರೆ ಅರ್ಧ ತೆರೆದ ಪೆಟ್ಟಿಗೆಯೆಂದರೆ ಬೆಕ್ಕಿಗೂ ಕಾಗೆಗೂ ಬಾಗಿಲು ತೆರೆದಿಟ್ಟಂತಾಗುವುದಿಲ್ಲವೇ? ಇರುವೆಗಳ ಕಾಟವೂ ಇದೆ. ನಡುನಡುವೆ ತೆರೆದು ನೋಡಬಹುದೇ?

ಉತ್ತರ 1 (ತೀರ್ಥಹಳ್ಳಿಯಿಂದ), ಮತ್ತೆ

ಜಾಗ ಚೆನ್ನಾಗಿದೆ. ಬೆಕ್ಕಿನ ವಿಷಯದಲ್ಲಿ ಎತ್ತರಕ್ಕಿಂತ ಮುಖ್ಯವಾದದ್ದು, ಹತ್ತಿರದಲ್ಲಿ ಅದು ಕಾಲೂರಿ ಜಿಗಿಯಲು ಏನಿದೆ ಎಂಬುದು. ಪೆಟ್ಟಿಗೆಯಿಂದ ಆರೇಳು ಅಡಿಯೊಳಗೆ ಕಾಂಪೌಂಡಿನ ತಲೆ, ಕಿಟಕಿಯ ಸಜ್ಜೆ, ನೀರಿನ ಪೈಪು, ಮಾವಿನ ಕೊಂಬೆ ಯಾವುದೂ ಇಲ್ಲವೆಂದು ನೋಡಿಕೊಳ್ಳಿ. ಬರಿಯ ಗೋಡೆಯ ನಡುವೆ ಬಿಗಿದ ಪೆಟ್ಟಿಗೆಗೆ ಬೆಕ್ಕು ತಲುಪುವುದು ಕಷ್ಟ. ಕಾಗೆಗೆ ತಡೆಯಾಗಿ ಪೆಟ್ಟಿಗೆಯನ್ನು ಸಜ್ಜೆಗೆ ಆದಷ್ಟು ಒತ್ತಿ ಕೂರಿಸಿ, ಆಗ ಮೇಲಿನಿಂದ ಎರಗಲು ಅದಕ್ಕೆ ಎಡೆಯಿರುವುದಿಲ್ಲ. ಮುಂದೆ ಒಂದು ಬಳ್ಳಿಯ ಎಳೆ ಇಳಿಬಿದ್ದಿದ್ದರೆ ಇನ್ನೂ ಮರೆ. ಇರುವೆಗೆ ಔಷಧಿ ಹಾಕಬೇಡಿ. ಗೋಡೆಗೂ ಪೆಟ್ಟಿಗೆಗೂ ನಡುವಿನ ಕಬ್ಬಿಣದ ಕೊಂಡಿಗೆ ಮಾತ್ರ, ಹಕ್ಕಿಯ ಗರಿಗೆ ತಾಗದ ಕಡೆ, ತೆಳುವಾಗಿ ಗ್ರೀಸ್ ಬಳಿಯಿರಿ.

ತೆರೆದು ನೋಡುವ ಆಸೆ ನನಗೂ ಇತ್ತು, ಈಗ ಬಿಟ್ಟಿದ್ದೇನೆ. ಕಾವಿನ ಮೊದಲ ದಿನಗಳಲ್ಲಿ ಗಾಬರಿಯಾದ ಹೆಣ್ಣು ಮೊಟ್ಟೆಯನ್ನು ತೊರೆದುಬಿಡಬಹುದು, ಬಲಿತ ಮರಿಗಳು ಹೆದರಿ ಹಾರಲು ಬರುವ ಮೊದಲೇ ನೆಲಕ್ಕೆ ಧುಮುಕಬಹುದು. ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಅಡುಗೆಮನೆಯ ಕಿಟಕಿಯಿಂದ ನೋಡಿ. ಕೊಕ್ಕಿನಲ್ಲಿ ಹುಳು ಹಿಡಿದು ಎರಡೂ ಹಕ್ಕಿಗಳು ಬರತೊಡಗಿದರೆ ಮರಿ ಒಡೆದಿವೆಯೆಂದು ಅಲ್ಲಿಂದಲೇ ತಿಳಿಯುತ್ತದೆ.

ಜನವರಿ ಮುಗಿಯುವುದರೊಳಗೆ ಪೆಟ್ಟಿಗೆಯನ್ನು ಕೂರಿಸಿಬಿಡಿ, ಜಾಗವನ್ನು ನಾಲ್ಕಾರು ವಾರ ನೋಡಿ ಪಳಗಲು ಅವಕ್ಕೂ ಸಮಯ ಬೇಕು. ಈ ವರ್ಷ ಬರದಿದ್ದರೆ ಕದಲಿಸಬೇಡಿ, ಅಲ್ಲೇ ಇರಲಿ.