ಟ್ರಾವೆಲ್ ಟ್ರೈಲರ್ ಆಕ್ಸಲ್ ಬಾಗಿದೆ: ನೇರ ಮಾಡಿಸೋದಾ, ಹೊಸದು ಹಾಕೋದಾ?

ಪ್ರಶ್ನೆ

ನಮ್ಮದು ಒಂದೇ ಆಕ್ಸಲ್ (ಎರಡೂ ಚಕ್ರಗಳನ್ನು ಹೊರುವ ಅಡ್ಡ ಪೈಪು) ಇರುವ, ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಟ್ರಾವೆಲ್ ಟ್ರೈಲರ್. ಮಲಗುವ ಜಾಗ, ಪುಟ್ಟ ಅಡುಗೆಮನೆ, ನೀರಿನ ಟ್ಯಾಂಕ್ ಎಲ್ಲ ಇದೆ. ಹೋದ ತಿಂಗಳು ರಾತ್ರಿ ಹೊತ್ತು ಎಡಗಡೆ ಚಕ್ರ ಒಂದು ದೊಡ್ಡ ಗುಂಡಿಗೆ ಧಡ್ ಅಂತ ಬಿತ್ತು. ಇಳಿದು ನೋಡಿದರೆ ಟೈರ್ ಸರಿಯಾಗಿತ್ತು, ರಿಮ್ಮಿಗೂ ಏನೂ ಆಗಿರಲಿಲ್ಲ, ಹಾಗಾಗಿ ಹೊರಟುಬಿಟ್ಟೆವು. ಆಮೇಲೆ ಎರಡು ದೂರದ ಪ್ರಯಾಣವೂ ಆಯ್ತು. ಮೊನ್ನೆ ತೊಳೆಯುವಾಗ ಎಡಗಡೆ ಟೈರಿನ ಮೇಲೆ ಕೈಯಾಡಿಸಿದೆ. ಹೊರ ಅಂಚಿನ ಗೆರೆಗಳು ಹೊಸ ಟೈರಿನ ಹಾಗೆ ಆಳವಾಗಿವೆ, ಒಳ ಅಂಚು ಮಾತ್ರ ಪೂರ್ತಿ ನುಣ್ಣಗೆ ಸವೆದಿದೆ. ಕೆಳಗೆ ಮಲಗಿ ನೋಡಿದರೆ ಆಕ್ಸಲ್ ಪೈಪು ಎಡಗಡೆ ಸ್ವಲ್ಪ ಕೆಳಕ್ಕೆ ಇಳಿದ ಹಾಗೆ ಕಾಣುತ್ತದೆ. ಕಣ್ಣಿಗೆ ಹಾಗನ್ನಿಸುತ್ತಿದೆಯೋ, ನಿಜವಾಗಿ ಬಾಗಿದೆಯೋ ಗೊತ್ತಾಗ್ತಿಲ್ಲ.

ಒಬ್ಬ ಮೆಕ್ಯಾನಿಕ್ ಕಾಯಿಸಿ ನೇರ ಮಾಡಿಕೊಡ್ತೀನಿ ಅಂದರು. ಇನ್ನೊಬ್ಬರು ಹೊಸದೇ ಹಾಕಿ ಅಂದರು. ಮಕ್ಕಳನ್ನು ಕರೆದುಕೊಂಡು ಹೋಗುವ ಗಾಡಿ, ಅದಕ್ಕೇ ಕೇಳ್ತಿದ್ದೀನಿ. ಹೊಸದು ಹಾಕೋದಾದರೆ ಮನೆಯಲ್ಲೇ ಮಾಡಬಹುದಾ? ಆರ್ಡರ್ ಕೊಡಲು ಏನೇನು ಅಳತೆ ಬೇಕು?

ಉತ್ತರ 1

ಮೊದಲಿಗೆ, ಕಾಯಿಸಿ ನೇರ ಮಾಡಲು ಬಿಡಲೇಬೇಡಿ. ಬೆಂಕಿ ತಾಗಿದ ಜಾಗದಲ್ಲಿ ಪೈಪಿನ ಬಲ ಹೋಗುತ್ತದೆ, ಮುಂದಿನ ಗುಂಡಿಗೆ ಅಲ್ಲೇ ಮತ್ತೆ ಬಾಗುತ್ತದೆ. ಬಾಗಿದ್ದು ತೀರಾ ಸ್ವಲ್ಪವಾದರೆ ಅದಕ್ಕೆಂದೇ ಇರುವ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಕಾಯಿಸದೆ ಸರಿಮಾಡುವವರಿದ್ದಾರೆ. ಕಣ್ಣಿಗೆ ಕಾಣುವಷ್ಟು ಬಾಗಿದ್ದರೆ ಹೊಸದೇ ಸರಿ.

ಬಾಗಿದೆಯೋ ಇಲ್ಲವೋ ನೋಡಲು ಒಂದು ದಾರ ಸಾಕು. ಪೈಪಿನ ಕೆಳಮೈಗೆ ತಾಗುವ ಹಾಗೆ ಈ ತುದಿಯಿಂದ ಆ ತುದಿಗೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಆಕ್ಸಲ್ ತಯಾರಾಗುವಾಗಲೇ ನಡುವೆ ಸ್ವಲ್ಪ ಮೇಲಕ್ಕೆ ಬಿಲ್ಲಿನ ಹಾಗೆ ಬಾಗಿರುತ್ತದೆ, ಭಾರ ಬಿದ್ದಾಗ ನೇರ ಆಗಲಿ ಅಂತ. ಹಾಗಾಗಿ ನಡುವೆ ದಾರಕ್ಕೂ ಪೈಪಿಗೂ ಸ್ವಲ್ಪ ಸಂದು ಇರಬೇಕು, ಇಲ್ಲವೇ ಪೂರ್ತಿ ಉದ್ದಕ್ಕೆ ಒಂದೇ ಸಮ ತಾಗಬೇಕು. ಪೈಪು ದಾರವನ್ನು ಕೆಳಕ್ಕೆ ಒತ್ತುತ್ತಿದ್ದರೆ ಅದು ಜೋತುಬಿದ್ದಿದೆ ಅಂತಲೇ ಅರ್ಥ. ಆಗ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಟೈರಿನ ಒಳ ಅಂಚು ಸವೆಯುತ್ತದೆ. ನೀವು ಹೇಳಿದ ಲಕ್ಷಣ ಅದೇ ಅಲ್ವಾ?

ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಟ್ರೈಲರ್ ಎತ್ತಿ ನಿಲ್ಲಿಸಿ, ಒಂದೊಂದೇ ಟೈರನ್ನು ತಿರುಗಿಸುತ್ತಾ ನಡುಮಧ್ಯಕ್ಕೆ ಸೀಮೆಸುಣ್ಣ ಹಿಡಿದು ಒಂದು ಗೆರೆ ಎಳೆಯಿರಿ. ಎರಡೂ ಗೆರೆಗಳ ನಡುವಿನ ದೂರವನ್ನು ಟೈರಿನ ಮುಂದೆ ಒಂದು ಸಲ, ಹಿಂದೆ ಒಂದು ಸಲ ಅಳೆಯಿರಿ. 3 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆಕ್ಸಲ್ ಮುಂದಕ್ಕೋ ಹಿಂದಕ್ಕೋ ಕೂಡ ಬಾಗಿದೆ.

ಎತ್ತುವಾಗ ಜಾಕನ್ನು ಆಕ್ಸಲ್ ಪೈಪಿಗೆ ಕೊಡಬೇಡಿ. ಚಾಸಿಗೆ, ಅಂದರೆ ಟ್ರೈಲರಿನ ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಕೊಡಿ. ನಡುಪೈಪಿಗೆ ಜಾಕ್ ಕೊಟ್ಟು ಸರಿಯಿದ್ದ ಆಕ್ಸಲ್ಲನ್ನೇ ಬಗ್ಗಿಸಿದವರನ್ನು ನಾನೇ ನೋಡಿದ್ದೇನೆ.

ಉತ್ತರ 2

ಅಳತೆ ವಿಷಯ ನಾನು ಹೇಳ್ತೀನಿ, ನಾಲ್ಕು ವರ್ಷದ ಹಿಂದೆ ನಮ್ಮ ಟ್ರೈಲರಿಗೆ ನಾನೇ ಹಾಕಿದ್ದು. ಪೈಪಿನ ನಡುವೆ ಹಿಂಬದಿಯಲ್ಲಿ ಒಂದು ಸಣ್ಣ ತಗಡೋ ಸ್ಟಿಕ್ಕರ್ರೋ ಇರುತ್ತದೆ, ಮಣ್ಣು ಒರೆಸಿ ನೋಡಿ, ಎಷ್ಟು ಭಾರ ಹೊರುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಆಮೇಲೆ ಎರಡು ಅಳತೆ ತಪ್ಪಬಾರದು. ಒಂದು, ಚಕ್ರ ಬಂದು ಕೂರುವ ಹಬ್ಬಿನ ಮುಖದಿಂದ ಆ ಕಡೆ ಹಬ್ಬಿನ ಮುಖಕ್ಕೆ. ಇನ್ನೊಂದು, ಒಂದು ಕಡೆ ಸ್ಪ್ರಿಂಗಿನ ನಡುವಿನಿಂದ ಇನ್ನೊಂದು ಕಡೆ ಸ್ಪ್ರಿಂಗಿನ ನಡುವಿಗೆ. ಪೈಪಿನ ದಪ್ಪ, ಚಕ್ರ ಬಿಗಿಯುವ ಸ್ಟಡ್ ಎಷ್ಟು, ಬ್ರೇಕ್ ಡ್ರಮ್ಮಿನ ಅಳತೆ, ಸ್ಪ್ರಿಂಗ್ ಪೈಪಿನ ಮೇಲಿದೆಯೋ ಕೆಳಗಿದೆಯೋ, ಪೈಪು ನೇರದ್ದೋ ಅಥವಾ ಚಕ್ರದ ಹತ್ತಿರ ಮೇಲಕ್ಕೆ ತಿರುಗಿದ್ದೋ, ಇದೆಲ್ಲವನ್ನೂ ಬರೆದಿಟ್ಟುಕೊಳ್ಳಿ, ಫೋಟೋ ತೆಗೆದಿಡಿ. ನಿಮ್ಮದು ಪಟ್ಟಿ ಸ್ಪ್ರಿಂಗ್ ಅಂದುಕೊಂಡು ಹೇಳ್ತಿದ್ದೀನಿ. ಒಳಗೆ ರಬ್ಬರ್ ಇರುವ ಟಾರ್ಷನ್ ಆಕ್ಸಲ್ ಆಗಿದ್ದರೆ ದಾರದ ಲೆಕ್ಕ ಬಿಟ್ಟುಬಿಡಿ, ಅದನ್ನು ಇಡೀ ಸೆಟ್ ಬದಲಿಸಬೇಕು.

ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿದು ಹಿಡಿಯುವ ಯು ಬೋಲ್ಟ್ ಮಾತ್ರ ಹೊಸದೇ ಹಾಕಿ. ನಾನು ಹಳೆಯದು ಚೆನ್ನಾಗಿ ಕಾಣುತ್ತಿದೆ ಅಂತ ಅದನ್ನೇ ಮತ್ತೆ ಹಾಕಿದ್ದೆ. ಒಂದು ಸಲ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಎರಡನೇ ಸಲ ಹಿಡಿಯುವುದಿಲ್ಲ. ಅರ್ಧ ದಾರಿಯಲ್ಲಿ ಸಡಿಲ ಆಗಿ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿದಿತ್ತು. ಟೈರ್ ಮಡ್‌ಗಾರ್ಡಿಗೆ ಉಜ್ಜಿ ರಬ್ಬರ್ ಸುಟ್ಟ ವಾಸನೆ ಬಂದಾಗಲೇ ಗೊತ್ತಾಗಿದ್ದು. ನಿಲ್ಲಿಸಿದಾಗ ಟೈರಿನ ಬದಿಯಲ್ಲಿ ನೂಲು ಕಾಣುತ್ತಿತ್ತು. ಇನ್ನೊಂದು ಹತ್ತು ನಿಮಿಷ ಓಡಿಸಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆದರೆ ಎದೆ ಝಲ್ ಅನ್ನುತ್ತದೆ.

ಉತ್ತರ 3

ಮೇಲಿನ ಇಬ್ಬರೂ ಹೇಳಿದ್ದು ಸರಿಯಿದೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಒಂದೇ ಗುಂಡಿಗೆ ಆಕ್ಸಲ್ ಬಾಗಿದ್ದು ಯಾಕೆ? ಭಾರ ಜಾಸ್ತಿ ಇತ್ತಾ? ಅದು ಗೊತ್ತಾಗದೆ ಅದೇ ಅಳತೆಯ ಹೊಸ ಆಕ್ಸಲ್ ಹಾಕಿದರೆ ಮುಂದಿನ ವರ್ಷ ಮತ್ತೆ ಇದೇ ಪ್ರಶ್ನೆ ಕೇಳಬೇಕಾಗುತ್ತದೆ.

ಸಾಮಾನು ತುಂಬಿ, ಟ್ಯಾಂಕಿಗೆ ನೀರು ತುಂಬಿ, ಪ್ರಯಾಣಕ್ಕೆ ಹೊರಟ ಹಾಗೇ ತೂಕ ಹಾಕಿಸಿ. ಆಕ್ಸಲ್ ಮೇಲೆ ಎಷ್ಟು ಬೀಳುತ್ತದೆ ನೋಡಿ. ಸಾಧ್ಯವಾದರೆ ಎಡ ಚಕ್ರ, ಬಲ ಚಕ್ರ ಬೇರೆ ಬೇರೆಯಾಗಿ ತೂಗಿಸಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಟ್ಯಾಂಕು, ಅಡುಗೆಮನೆ, ಬ್ಯಾಟರಿ ಎಲ್ಲ ಒಂದೇ ಕಡೆ ಇದ್ದರೆ ಆ ಚಕ್ರದ ಪಾಡು ಯೋಚಿಸಿ.

ಇನ್ನು ಬ್ರೇಕ್. ಎಲೆಕ್ಟ್ರಿಕ್ ಬ್ರೇಕ್ ಆದರೆ ಎಡಗಡೆಯದ್ದು ಬಲಗಡೆಯದ್ದು ಬೇರೆ ಬೇರೆ. ಡ್ರಮ್ಮಿನೊಳಗೆ ಉಜ್ಜಿ ಚಕ್ರ ನಿಲ್ಲಿಸುವ ಎರಡು ಶೂಗಳಲ್ಲಿ ಲೈನಿಂಗ್ (ಉಜ್ಜುವ ಪದರ) ಚಿಕ್ಕದಾಗಿರುವ ಶೂ ಟ್ರೈಲರಿನ ಮುಂಭಾಗಕ್ಕೆ ಬರಬೇಕು. ಬ್ರೇಕ್ ಹಿಡಿಸುವ ಮ್ಯಾಗ್ನೆಟ್‌ನಿಂದ ಬರುವ ಎರಡು ವೈರುಗಳಲ್ಲಿ ಯಾವುದನ್ನು ಯಾವುದಕ್ಕೆ ಸೇರಿಸಿದರೂ ನಡೆಯುತ್ತದೆ, ಆದರೆ ಜೋಡಣೆಗೆ ನೀರು ಇಳಿಯಬಾರದು. ಹೊಸ ಆಕ್ಸಲ್ ಗ್ರೀಸ್ ತುಂಬಿಯೇ ಬಂದಿದ್ದರೂ ಹಬ್ಬಿನ ಕ್ಯಾಪ್ ತೆಗೆದು ಒಮ್ಮೆ ನೋಡಿ. ನಟ್ ಬಿಗಿಯುವಾಗ ಹಬ್ಬನ್ನು ತಿರುಗಿಸುತ್ತಾ ಬಿಗಿಯಿರಿ, ಬೇರಿಂಗ್ ಸರಿಯಾಗಿ ಕೂರಲಿ. ಆಮೇಲೆ ಹಬ್ ತಿರುಗಿಸದೆ ನಟ್ ಸಡಿಲ ಮಾಡಿ, ಬರೀ ಬೆರಳಿನಿಂದ ಬಿಗಿದು ಪಿನ್ ಹಾಕಿ. ಬಲ ಹಾಕಿ ಬಿಗಿದರೆ ಬೇರಿಂಗ್ ಕಾಯ್ದು ಸುಟ್ಟುಹೋಗುತ್ತದೆ.

ಪ್ರಶ್ನೆ ಕೇಳಿದವರು

ದಾರ ಹಿಡಿದು ನೋಡಿದೆ. ಎಡಗಡೆ ಸ್ಪ್ರಿಂಗಿನ ಒಳಬದಿಯಲ್ಲೇ ಪೈಪು ದಾರವನ್ನು ಒತ್ತುತ್ತಿತ್ತು. ಅಲ್ಲಿಗೆ ಅನುಮಾನ ತೀರಿತು. ತಗಡಿನ ಮೇಲೆ 3,500 ಪೌಂಡ್ ಅಂತಿದೆ, ಅಂದರೆ ಸುಮಾರು 1,588 ಕೆಜಿ. ತೂಕ ಹಾಕಿಸಿದರೆ ಆಕ್ಸಲ್ ಮೇಲೆ 1,640! ಅದರಲ್ಲಿ ಎಡಗಡೆ ಚಕ್ರದ ಮೇಲೇ 890. ನೀರಿನ ಟ್ಯಾಂಕು, ಅಡುಗೆಮನೆ ಎರಡೂ ಆ ಕಡೆಯೇ ಇರೋದು. ಇಷ್ಟು ವರ್ಷ ತೂಗಿಸಬೇಕು ಅಂತ ಹೊಳೆಯಲೇ ಇಲ್ಲ. ಈಗ 5,200 ಪೌಂಡಿನ ಆಕ್ಸಲ್ ಹಾಕಿಬಿಡಲಾ?

ಉತ್ತರ 2

ಹಾಕಿಬಿಡಿ ಅಂತ ನನ್ನ ಅಭಿಪ್ರಾಯ, ಗಟ್ಟಿ ಇದ್ದಷ್ಟೂ ಒಳ್ಳೆಯದು.

ಉತ್ತರ 3

ನಾನು ಒಪ್ಪುವುದಿಲ್ಲ. 3,500ರ ಪೈಪು ಸಾಮಾನ್ಯವಾಗಿ ಎರಡೂ ಕಾಲು ಇಂಚಿಗಿಂತ ಸ್ವಲ್ಪ ದಪ್ಪ, 5,200ರದ್ದು ಮೂರು ಇಂಚು. ಯು ಬೋಲ್ಟ್, ಅದರ ಪ್ಲೇಟು, ಸ್ಪ್ರಿಂಗ್ ಎಲ್ಲವನ್ನೂ ಬದಲಿಸಬೇಕು. ಸ್ಟಡ್ ಐದರ ಬದಲು ಆರು ಬರುತ್ತವೆ, ಹಾಗಾಗಿ ರಿಮ್ಮೂ ಬೇರೆ, ಸ್ಟೆಪ್ನಿಯೂ ಬೇರೆ. ಇಷ್ಟೆಲ್ಲ ಮಾಡಿದ ಮೇಲೂ ಚಾಸಿ ಹಳೆಯದೇ, ಟ್ರೈಲರ್ ಹೊರಬಹುದಾದ ಒಟ್ಟು ಭಾರ ಒಂದು ಕೆಜಿಯೂ ಜಾಸ್ತಿ ಆಗುವುದಿಲ್ಲ. ಸ್ಪ್ರಿಂಗ್ ಗಡುಸಾಗಿ ಒಳಗಿನ ಕಪಾಟುಗಳೆಲ್ಲ ಕುಲುಕಿ ಸಡಿಲ ಆಗುತ್ತವೆ. ಅದೇ ಅಳತೆಯ ಆಕ್ಸಲ್ ಹಾಕಿ, ಭಾರ ಇಳಿಸಿ.

ಉತ್ತರ 2

ಸರಿ, ಚಾಸಿ ವಿಷಯ ನಾನು ಯೋಚಿಸಿರಲಿಲ್ಲ. ನನ್ನ ಮಾತು ವಾಪಸ್ ತಗೊಳ್ತೀನಿ.

ಪ್ರಶ್ನೆ ಕೇಳಿದವರು

ಕೆಲಸ ಮುಗೀತು, ಅದಕ್ಕೇ ಬರೀತಿದ್ದೀನಿ. ಅದೇ 3,500ರ ಆಕ್ಸಲ್, ಹೊಸ ಬ್ರೇಕ್ ಕೂಡಿಸಿಕೊಂಡೇ ಬಂತು. ಟ್ರೈಲರನ್ನು ಎಳೆಯುವ ಗಾಡಿಗೆ ಸಿಕ್ಕಿಸಿಟ್ಟು, ಗಾಡಿಯ ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟು, ಚಾಸಿಯ ಕೆಳಗೆ ನಾಲ್ಕು ಸ್ಟ್ಯಾಂಡ್ ನಿಲ್ಲಿಸಿಕೊಂಡೆವು. ತಮ್ಮ ಜೊತೆಗಿದ್ದ. ಹಳೆ ಯು ಬೋಲ್ಟಿನ ನಟ್ ತುಕ್ಕು ಹಿಡಿದು ಒಂದೂ ಅಲ್ಲಾಡಲಿಲ್ಲ, ಗ್ರೈಂಡರಿನಲ್ಲಿ ಕತ್ತರಿಸಿದೆವು. ಸ್ಪ್ರಿಂಗಿನ ನಡುಬೋಲ್ಟಿನ ತಲೆ ಆಕ್ಸಲ್ ಸೀಟಿನ ತೂತಿಗೆ ಕೂರಿಸಲು ಒಂದು ಗಂಟೆ ಹಿಡಿಯಿತು, ಕೂತಾಗ ಟಕ್ ಅಂತ ಸದ್ದಾಯಿತು. ಬಿಲ್ಲಿನ ಉಬ್ಬು ಮೇಲಕ್ಕಿದೆಯಾ ಅಂತ ಬಿಗಿಯುವ ಮೊದಲು ಎರಡು ಸಲ ದಾರ ಹಿಡಿದು ನೋಡಿದೆ. ಎಳೆಯುವ ಗಾಡಿಗೆ ಸಿಕ್ಕಿಸುವ ಕಪ್ಲರ್ ನಡುವಿನಿಂದ ಎರಡೂ ಹಬ್ಬಿಗೆ ಅಳೆದಾಗ 2 ಮಿಲಿಮೀಟರ್ ವ್ಯತ್ಯಾಸ ಬಂತು, ಅಷ್ಟು ನಡೆಯುತ್ತದೆ ಅಂದುಕೊಂಡಿದ್ದೀನಿ.

ನೀರಿನ ಟ್ಯಾಂಕನ್ನು ಈಗ ತುಂಬಿಕೊಂಡು ಹೊರಡುವುದಿಲ್ಲ, ತಲುಪಿದ ಮೇಲೆ ತುಂಬಿಸುತ್ತೇವೆ. ಬ್ಯಾಟರಿಯನ್ನು ಬಲಗಡೆಗೆ ಸಾಗಿಸಿದೆ. ಮತ್ತೆ ತೂಗಿಸಿದರೆ 1,490, ಎಡ ಬಲ ಹೆಚ್ಚೂಕಮ್ಮಿ ಸಮ.

ಉತ್ತರ 1

2 ಮಿಲಿಮೀಟರ್ ಧಾರಾಳವಾಗಿ ನಡೆಯುತ್ತದೆ. ಮೊದಲ 80 ಕಿಲೋಮೀಟರ್ ಒಳಗೆ ಎರಡು ಮೂರು ಸಲ ನಿಲ್ಲಿಸಿ ವೀಲ್ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲೇ ನೋಡಿ, ಯು ಬೋಲ್ಟನ್ನೂ ಬಿಡಬೇಡಿ. ನಿಂತಾಗೆಲ್ಲ ಹಬ್ಬಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಒಂದು ಕಡೆ ಮಾತ್ರ ಮುಟ್ಟಲಾಗದಷ್ಟು ಬಿಸಿಯಿದ್ದರೆ ಮುಂದೆ ಹೋಗಬೇಡಿ.

ಪ್ರಶ್ನೆ ಕೇಳಿದವರು

ಇವತ್ತು 70 ಕಿಲೋಮೀಟರ್ ಓಡಿಸಿ ಬಂದೆ. ಎರಡೂ ಹಬ್ ಒಂದೇ ಸಮ ಬೆಚ್ಚಗಿದ್ದವು. ಎಡಗಡೆ ಹಿಂದಿನ ಯು ಬೋಲ್ಟ್ ನಟ್ ಕಾಲು ಸುತ್ತು ತಗೊಂಡಿತು, ಉಳಿದವು ಅಲ್ಲಾಡಲಿಲ್ಲ. ನಾಳೆ ಇನ್ನೊಮ್ಮೆ ನೋಡ್ತೀನಿ.